ಎರಡು ಇಳಕಲ್

ನಮ್ಮ ಆಫೀಸಿನ ಲಾಬಿಯ ನೆಲಕ್ಕೆ ಹಾಸಿರುವುದು ಇಳಕಲ್ ಕಲ್ಲು. ಕೆಂಪಗೆ, ಮುಖ ಕಾಣುವಷ್ಟು ನುಣುಪು. ವೈಟ್‌ಫೀಲ್ಡಿನ ಆ ಕಟ್ಟಡಕ್ಕೆ ಮೊದಲ ದಿನ ಹೋದಾಗ ಸೆಕ್ಯುರಿಟಿಯವನು ನನ್ನ ಐಡಿ ಕಾರ್ಡು ನೋಡಿ, "ಮೇಡಂ, ನೀವೂ ಇಳಕಲ್ಲು, ನೆಲಾನೂ ಇಳಕಲ್ಲು" ಎಂದು ನಕ್ಕ. ಪಕ್ಕದ ಸೀಟಿನ ದಿವ್ಯಾಗೆ ನಾನೆಂದರೆ ಸೀರೆ. "ನಿಮ್ಮೂರಿಂದ ಒಂದು ಇಳಕಲ್ ಸೀರೆ ತರಿಸ್ಕೊಡೇ. ಮಾರತ್ತಹಳ್ಳೀಲಿ ಬರೀ ಡೂಪ್ಲಿಕೇಟ್ ಕೊಡ್ತಾರೆ ಕಣೇ" ಎನ್ನುತ್ತಾಳೆ. ಒಂದು ಬೆಳಿಗ್ಗೆ ಕ್ಯಾಬಿನಲ್ಲಿ ಕಣ್ಣು ಮುಚ್ಚಿ ಕೂತು ತೆರೆದರೆ, ಪಕ್ಕದಲ್ಲಿ ನಿಂತ ಬಸ್ಸಿನ ಬೋರ್ಡಿನ ಮೇಲೂ ಇಳಕಲ್. ತಲೆ ಕೆಟ್ಟುಹೋಗುತ್ತದೆ. ನಾನು ಆ ಊರಿಗೆ ಒಮ್ಮೆಯೂ ಹೋದವಳಲ್ಲ. ಹುಟ್ಟಿದ್ದು ಗದಗಿನಲ್ಲಿ, ಬೆಳೆದದ್ದು ಅಪ್ಪನ ಬ್ಯಾಂಕು ವರ್ಗ ಮಾಡಿದಲ್ಲೆಲ್ಲ, ಈಗಿರುವುದು ಬ್ರೂಕ್‌ಫೀಲ್ಡಿನ ಫ್ಲ್ಯಾಟಿನಲ್ಲಿ. ಸ್ಫೂರ್ತಿ ಇಳಕಲ್ ಎಂಬ ಹೆಸರಿನ ಬಾಲದಲ್ಲಷ್ಟೇ ಆ ಊರು ನನಗಿದೆ.

ಸಾಲದೆಂಬಂತೆ ಹೋದ ವರ್ಷ ನಮ್ಮ ಟೀಮಿಗೆ ಇನ್ನೊಬ್ಬ ಇಳಕಲ್ ಬಂದ. ಮಲ್ಲಿಕ್ ಇಳಕಲ್. ಪೀಣ್ಯದಲ್ಲೇ ಹುಟ್ಟಿ ಬೆಳೆದವನು. ಅಪ್ಪ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಲೇತ್ ಆಪರೇಟರ್ ಆಗಿದ್ದು ತೀರಿಕೊಂಡಿದ್ದರು. ಅವ್ವ ಮಹಾನಂದಾ ಅಲ್ಲೇ ಟೇಲರಿಂಗ್ ಅಂಗಡಿ ನಡೆಸುತ್ತಿದ್ದರು. ಅವನೂ ಇಳಕಲ್ ನೋಡಿದವನಲ್ಲ. ರಾತ್ರಿ ಊಟಕ್ಕೆ ಕೂತಾಗ ಸುಮ್ಮನೆ ಈ ವಿಷಯ ಹೇಳಿದೆ. ಅಪ್ಪನ ತಾಯಿ, ನನ್ನ ಆಯಿ ಚನ್ನಬಸಮ್ಮ, ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಬಿಟ್ಟಳು.

"ಇಳಕಲ್ಲಿನವರಾ? ಹಂಗಂದ್ರ ನಮ್ಮವರ ಆದ್ರು. ಅಣ್ಣತಮ್ಮಂದಿರ ಪೈಕಿನ ಇರಬೇಕು. ಕರಕೊಂಡು ಬಾ."

ಆಯಿ ಮದುವೆಯಾಗಿ ಕಾಲಿಟ್ಟದ್ದು ಇಳಕಲ್ಲಿಗೆ. ಅಪ್ಪ ಹುಟ್ಟುವ ಮೊದಲೇ ಅಜ್ಜ ಗದಗಿಗೆ ಬಂದುಬಿಟ್ಟದ್ದರಿಂದ ಅವಳ ಊರಿನ ಆಸೆ ಅರ್ಧಕ್ಕೇ ನಿಂತಿತ್ತು. ಮಲ್ಲಿಕ್ ಬಂದದ್ದು ನಾಗರ ಪಂಚಮಿಯ ದಿನ. ನಮ್ಮ ಕಡೆ ಅವತ್ತು ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಮನೆಯವರ ಹೆಸರಿನಲ್ಲಿ ಒಂದೊಂದು ಪಾಲು ಎರೆಯುತ್ತೇವೆ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ನಾನು ಒಬ್ಬಳೇ ಮಗಳು, ಅಣ್ಣನ ಪಾಲು ಎಂದು ಎಂದೂ ಎರೆದಿರಲಿಲ್ಲ. ಅವತ್ತು ಆಯಿ ನನ್ನ ಕೈ ಹಿಡಿದು ಎರೆಸಿದಳು. ಮಲ್ಲಿಕ್ ಶೇಂಗಾ ಉಂಡಿ ಬಾಯಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. ನಮಗಿಬ್ಬರಿಗೂ ನಗು.

ಅಂದಿನಿಂದ ಪ್ರತಿ ಭಾನುವಾರ ಅವನು ನಮ್ಮ ಮನೆಯವನಾದ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುವುದು. ಆಯಿ ಕಟ್ಟೆಯ ಮೇಲೆ ರೊಟ್ಟಿ ಬಡಿಯುವುದು, ಹಂಚಿನಿಂದ ಇಳಿಸಿದ್ದನ್ನು ಅವನ ಕೈಗೇ ಕೊಡುವುದು. "ಬಾರೋ ಮಲ್ಲ್ಯಾ, ತಿನ್ನು, ಸೊರಗಿ ಹೋಗೀಯಲ್ಲೋ." ನನಗೆ ಸಿಗುತ್ತಿದ್ದದ್ದು ಆರಿದ ರೊಟ್ಟಿ.

ಅವನ ಮೇಲೆ ನನಗೆ ಮನಸ್ಸಾದದ್ದು ಯಾವಾಗ ಎಂದರೆ ಹೇಳಲಾರೆ. ಮಾರತ್ತಹಳ್ಳಿ ಸೇತುವೆಯ ಕೆಳಗೆ ಕ್ಯಾಬ್ ನಿಂತಲ್ಲೇ ನಿಂತಾಗ ಅವನು ಪಕ್ಕದಲ್ಲಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ನನಗೆ ಸಿಟ್ಟು ಬಾರದಿರುವುದೆಂದರೆ ಸಣ್ಣ ವಿಷಯವಲ್ಲ. ತನಗೂ ನನ್ನ ಮೇಲೆ ಮನಸ್ಸಾಗಿದೆ ಎಂದು ಅವನೂ ಹೇಳಿದ. ದಿವ್ಯಾ ಮಾತ್ರ, "ಒಳ್ಳೇದಾಯ್ತು ಬಿಡು, ಮದುವೆ ಆದ್ಮೇಲೆ ಆಧಾರಲ್ಲಿ ಹೆಸರು ಬದಲಾಯಿಸೋ ತಲೆನೋವೇ ಇಲ್ಲ" ಎಂದಳು.

ಮನೆಯಲ್ಲಿ ಹೇಳಿದೆವು. ಅಪ್ಪ ಅವ್ವ ಇಬ್ಬರೂ ಆಯಿಯ ಮುಖ ನೋಡಿದರು. ಆಯಿ ನನ್ನನ್ನು ಮಾತ್ರ ನೋಡಿದಳು.

"ನಾಗಪ್ಪನ ಮುಂದ ಅಣ್ಣನ ಪಾಲು ಎರದೀಯಲ್ಲವಾ. ಒಂದ ಮನಿ ಮಕ್ಕಳು ನೀವು. ಇಂಥಾ ಮಾತು ಆಡಬಾರದು."

ಮುಂದಿನ ಭಾನುವಾರ ಅವನು ಬರಲಿಲ್ಲ, ಅವಳು ರೊಟ್ಟಿ ಬಡಿಯಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನನಗೆ ಕೂತರೆ ಕೂರಲಾಗದು, ಮಲಗಿದರೆ ನಿದ್ದೆ ಬಾರದು. ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ಓಡಾಡಿದೆ. ರಿಜಿಸ್ಟರ್ ಮದುವೆ ಆಗಿಬಿಡೋಣ ಎಂದು ಮಲ್ಲಿಕ್‌ಗೆ ಹೇಳಿದೆ.

"ಅವ್ರ ಕೈ ರೊಟ್ಟಿ ತಿಂದು, ಅವ್ರನ್ನ ಅಳಿಸಿ ಮದುವೆ ಆಗಲ್ಲ ಕಣೇ. ಆಯಿ ಒಪ್ಪಿದ್ರೆ ಆಗೋಣ. ಇಲ್ಲಾಂದ್ರೆ ಬೇಡ" ಎಂದ.

ಅವನ ಒಳ್ಳೆಯತನದ ಮೇಲೂ ಸಿಟ್ಟು ಬಂತು. ಅಪ್ಪ ಈರಣ್ಣ ನನ್ನ ಓಡಾಟ ನೋಡಲಾರದೆ ಒಂದು ಸಂಜೆ ಬಾಲ್ಕನಿಗೆ ಬಂದರು.

"ಇಳಕಲ್ಲಿನಾಗ ಇಳಕಲ್ ಅನ್ನೂ ಅಡ್ಡಹೆಸರಿನವರು ಯಾರು ಸಿಗ್ತಾರವ್ವಾ? ಊರಾಗ ಇರೂತನಕ ಮನಿ ಹೆಸರು, ಇಲ್ಲಾ ಕಸುಬಿನ ಹೆಸರು. ಊರು ಬಿಟ್ಟ ಮ್ಯಾಲ, ಹೋದ ಊರಿನ ಮಂದಿ ಇಳಕಲ್ ಅಂತ ಕರೀತಾರ. ಇಬ್ಬರೂ ಇಳಕಲ್ ಅಂದ್ರ ಇಬ್ಬರೂ ಅಲ್ಲಿಂದ ಎದ್ದು ಬಂದವರು, ಅಷ್ಟ."

"ಇದು ಆಯಿಗೆ ಗೊತ್ತಿಲ್ಲೇನು?"

"ನನಗ ಹೇಳಿದಾಕೀನ ಆಕಿ" ಎಂದರು ಅಪ್ಪ.

ನಾನು ನೇರ ಒಳಗೆ ಹೋಗಿ ಆಯಿಯ ಎದುರು ನಿಂತೆ. ಅಪ್ಪ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಅವಳು ಟಿವಿ ಆರಿಸಿ ರಿಮೋಟನ್ನು ಪಕ್ಕಕ್ಕಿಟ್ಟಳು. "ಅವರವ್ವನ್ನ ಕರಸು" ಎಂದಳು.

ಭಾನುವಾರ ಮಲ್ಲಿಕ್ ಮತ್ತು ಅವನ ಅವ್ವ ಪೀಣ್ಯದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಹತ್ತಿ ಬರುವಷ್ಟರಲ್ಲಿ ನಾನು ಗೇಟಿನ ತನಕ ಹೋಗಿ ಬಂದದ್ದು ಲೆಕ್ಕವಿಲ್ಲ. ಆಯಿ ಬೆಳಿಗ್ಗೆಯೇ ತಯಾರಾಗಿ ಸೋಫಾದ ತುದಿಯಲ್ಲಿ ಕೂತಿದ್ದಳು. ಹಳೆಯ ಇಳಕಲ್ ಸೀರೆ, ತಲೆಯ ಮೇಲೆ ಕೆಂಪು ಸೆರಗು. ಮಹಾನಂದಾ ಅವರನ್ನು ಎದುರಿಗೆ ಕೂರಿಸಿಕೊಂಡು, ಚಹಾ ಕೂಡ ಬರುವ ಮೊದಲೇ ಕೇಳಿದಳು.

"ನಿಮ್ಮ ಮನಿದೇವರು ಯಾವ್ದು, ತಾಯಿ?"

"ವೀರಭದ್ರಪ್ಪ ರೀ."

"ನಮ್ಮದು ಬನಶಂಕರಿ." ಆಯಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಊರಾಗ ಇದ್ದಾಗ ನಿಮ್ಮ ಮನಿತನಕ್ಕ ಏನಂತ ಕರೀತಿದ್ರು?"

"ಬಣ್ಣದವರು ಅಂತಿದ್ರಂತ ರೀ. ಸೀರಿ ನೂಲಿಗೆ ಬಣ್ಣ ಹಾಕೂ ಕೆಲಸ ಇತ್ತಂತ. ನಮ್ಮ ಮಾವನವರು ಹೇಳ್ತಿದ್ರು."

"ನಮಗ ಹುಣಸಿಗಿಡದವರು ಅಂತಿದ್ರು" ಎಂದಳು ಆಯಿ. "ಅಂಗಳದಾಗ ದೊಡ್ಡ ಗಿಡ ಇತ್ತು."

ದೇವರು ಬೇರೆ, ಮನೆ ಬೇರೆ. ಅಣ್ಣತಮ್ಮಂದಿರ ಸಂಬಂಧ ಎಲ್ಲಿಂದಲೂ ಇಲ್ಲ. ನಾನು ಕುಣಿಯಬೇಕಿತ್ತು. ಆದರೆ ಇಷ್ಟು ದಿನ ಒದ್ದಾಡಿಸಿದ ಸಿಟ್ಟೇ ಮೊದಲು ಬಾಯಿಗೆ ಬಂತು.

"ಇದನ್ನ ಮೊದಲನೇ ದಿನಾನ ಕೇಳಬಹುದಿತ್ತಲ್ಲ ಆಯಿ."

"ಕೇಳಿದ್ರ ಎಲ್ಲಿ ನಿಮ್ಮವ ಅಲ್ಲ ಅಂದಬಿಡ್ತಾನೋ ಅಂತ ಕೇಳಲಿಲ್ಲವಾ" ಎಂದಳು.

ಆಯಿ ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಎಷ್ಟೋ ವಾರಗಳ ಮೇಲೆ ಕೇಳಿದ ಸದ್ದು ಅದು.  ಮಲ್ಲಿಕ್ ಅವ್ವನ ಪಕ್ಕದಿಂದ ಎದ್ದು, ರೂಢಿಯಂತೆ ನೇರ ಅಡುಗೆಮನೆಯ ಬಾಗಿಲಿಗೆ ಹೋದ.

ಆಯಿ ಹಿಟ್ಟಿನ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂದರ್ರಿ" ಎಂದಳು. ಅವನಿಗೆ ಅವಳು ಎಂದೂ ಹಾಗೆ ಬಹುವಚನ ಕೊಟ್ಟಿರಲಿಲ್ಲ. "ಅಳಿಯಂದಿರು ಅಡಗಿಮನಿಗೆ ಬರೂದು ನಮ್ಮಲ್ಲಿ ಪದ್ಧತಿ ಇಲ್ಲ. ಹೊರಗ ಕುಂದರ್ರಿ. ತಾಟು ಅಲ್ಲಿಗೇ ಬರ್ತೈತಿ."

ಮಲ್ಲಿಕ್ ಹೊಸ್ತಿಲ ಈಚೆ ನಿಂತ. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಮಹಾನಂದಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಾರೋ ಇಲ್ಲಿ ಎಂದು ಅವನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು.

ನಾನು ಒಳಗೆ ಹೋದೆ. ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಆಯಿ ಜೋಳದ ಹಿಟ್ಟಿನ ಡಬ್ಬಿ ಇಟ್ಟಿದ್ದಳು. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ತಾಟಿಗೆ ಹಾಕಿ, ಬೆಣ್ಣೆ ಹಚ್ಚಿ, ನನ್ನ ಕೈಗಿಟ್ಟಳು. ಮುಖ ಮಾತ್ರ ಒಲೆಯ ಕಡೆಗೇ ಇತ್ತು.

"ಆ ಹಾಲು ನಾ ಎರಸಿದ್ದು. ನಾಗಪ್ಪಗ ನಾ ಹೇಳ್ಕೋತೀನಿ" ಎಂದಳು. "ನೀ ಒಯ್ಯಿ. ಅವಗ ಆರಿದ್ದು ತಿಂದು ರೂಢಿ ಇಲ್ಲ."