ಆಟದ ಮೊದಲ ಸಾಲು

ಅಪ್ಪನ ಕಾಲ ಬಳಿ ಚಟ್ಟದ ಮೇಲೆ ಕಾರ್ತಿಕಾ ಇಟ್ಟ ಆಟದ ಮಣೆಯನ್ನು ಅಣ್ಣ ವಸಂತಕುಮಾರ್ ಎತ್ತಿಕೊಂಡ. ಅವಳು ಕಿತ್ತುಕೊಂಡು ಮತ್ತೆ ಅಲ್ಲೇ ಇಟ್ಟಳು. ಇದು ಎರಡನೆಯ ಸಲ. ತಮಿಳುನಾಡಿನ ನೆಗಮದ ಆ ನೇಕಾರರ ಬೀದಿಯಲ್ಲಿ ಬೆಳಿಗ್ಗೆಯಿಂದ ಒಂದು ಮಗ್ಗವೂ ಸದ್ದು ಮಾಡಿರಲಿಲ್ಲ. ಅಣ್ಣತಂಗಿಯ ಜಗ್ಗಾಟ ನೋಡುವುದಕ್ಕೆ ಎಲ್ಲರಿಗೂ ಪುರುಸೊತ್ತಿತ್ತು.

ಮಣೆ ಎಂದರೆ ಮರದ್ದಲ್ಲ. ಸೀರೆಯ ಅಂಚಿಗೆ ಹೂವು ಎತ್ತಲು ಮಗ್ಗದ ಮೇಲೆ ತೂತಿನ ರಟ್ಟುಗಳು ತಿರುಗುತ್ತವಲ್ಲ, ಅಟ್ಟೆ ಎನ್ನುತ್ತಾರೆ, ಸವೆದು ಎಸೆದ ಅಂಥ ಅಟ್ಟೆಗಳನ್ನು ಆಯ್ದು ಅಪ್ಪ ಜಯರಾಮನ್ ಒಂದಕ್ಕೊಂದು ಹೊಲಿದು ಮಾಡಿದ್ದು. ತೂತುಗಳೇ ಮನೆಗಳು. ಸಿಕ್ಕಿಸಿದ ಬಿದಿರು ಕಡ್ಡಿಗಳೇ ಕಾಯಿಗಳು. ಬಿಳಿ ನೂಲು ಸುತ್ತಿದವು ಐದು, ಕೆಂಪು ನೂಲಿನವು ಐದು. ಇಷ್ಟು ಎಳೆದಾಡಿದರೂ ಒಂದು ಕಡ್ಡಿಯೂ ಉದುರಿರಲಿಲ್ಲ.

ಅದನ್ನು ಸುಡುವುದು ಬೇಡ, ನನ್ನ ಮನೆಯಲ್ಲಿರಲಿ ಎಂದು ವಸಂತಕುಮಾರ್ ಮೆಲ್ಲಗೆ ಹೇಳಿದ. ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದವನು ಜಗಳಕ್ಕೆ ನಿಂತಿರಲಿಲ್ಲ. ಕಾರ್ತಿಕಾ ಮಾತ್ರ ತಿರುಪ್ಪೂರಿನ ಬಸ್ಸು ಇಳಿದಾಗಿನಿಂದ ಕುದಿಯುತ್ತಲೇ ಇದ್ದಳು.

“ಸುಡ್ಲಿ,” ಎಂದಳು. “ಅವರ ಕೂಡವೇ ಸುಡ್ಲಿ.”

ಸೋದರಮಾವ ರಾಮಸಾಮಿ, ಸತ್ತವರ ಮುಂದೆ ದನಿ ಏರಿಸಬಾರದು ಎಂದರು. ಅವಳ ದನಿ ಏರದೇ ಇದ್ದ ವರ್ಷಗಳಲ್ಲಿ ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ, ಈ ಮಾವನೂ.

* * *

ಆಟ ಹುಟ್ಟಿದಾಗ ಅವಳಿಗೆ ಹದಿಮೂರು. ದಾಯದ ಆಟ ಎಲ್ಲರಿಗೂ ಗೊತ್ತು. ಹಿತ್ತಾಳೆಯ ಎರಡು ಉದ್ದ ದಾಳಗಳನ್ನು, ಕಟ್ಟೆ ಎನ್ನುತ್ತಾರೆ, ಉರುಳಿಸಿ ಬಿದ್ದಷ್ಟು ಮನೆ ನಡೆಸಿದರಾಯಿತು. ಜಯರಾಮನ್‌ಗೆ ಅದು ಸಾಲದಾಯಿತು. ಲಾಳಿ ಹೋಗಿಬರುವ ಹಾಗೆ ಕಾಯಿಗಳು ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಓಡಾಡಬೇಕು, ದಾರಿಯಲ್ಲಿ ಎದುರಾಳಿಯ ಕಾಯಿಯನ್ನು ಕಡಿಯಬೇಕು. ಊಟವಾದ ಮೇಲೆ ಮಗ್ಗದ ಗುಂಡಿಯ ದಡದಲ್ಲಿ ಕೂತು ಅಪ್ಪ ಮಗಳು ಆಡಿ ನೋಡುವರು. ಸರಿಬರದಿದ್ದರೆ ನಿಯಮ ಬದಲಾಗುವುದು. ಒಂದು ವರ್ಷ ಹೀಗೇ ನಡೆಯಿತು.

ಯಾವ ಕಾಯಿ ನಡೆಸುತ್ತೇನೆಂದು ಮೊದಲೇ ಹೇಳಿ ಕಟ್ಟೆ ಉರುಳಿಸಬೇಕು ಎಂದು ಅಪ್ಪ ನಿಯಮ ಇಟ್ಟಿದ್ದರು. ಕಾರ್ತಿಕಾ ಒಪ್ಪಲಿಲ್ಲ. ಹಾಗಾದರೆ ಆಡುವುದು ಕಟ್ಟೆ, ನಾವಲ್ಲ ಎಂದು ವಾದ ಮಾಡಿದಳು. ಮೊದಲು ಉರುಳಿಸೋಣ, ಬಿದ್ದದ್ದನ್ನು ನೋಡೋಣ, ಎದುರಿನವರು ಎಲ್ಲಿದ್ದಾರೆಂದು ನೋಡೋಣ, ಆಮೇಲೆ ಕಾಯಿ ಮುಟ್ಟೋಣ. ಅಪ್ಪ ಅವತ್ತಿನಿಂದ ಹಾಗೇ ಆಡಿದರು.

ಅದೇ ತಿಂಗಳು ಅವಳು ದೊಡ್ಡವಳಾದಳು. ಓಲೆಗುಡಿಸಲಲ್ಲಿ ಕೂರಿಸಿ, ನೀರೆರೆದು, ಸೀರೆ ಉಡಿಸಿದರು. ಅಲ್ಲಿಂದ ಮುಂದೆ ಎಲ್ಲದಕ್ಕೂ ಬೇಡ. ಬೀದಿಗೆ ಬೇಡ, ಸೈಕಲ್ ಬೇಡ, ಗಂಡಸರ ಸಮಕ್ಕೆ ಕೂರುವುದು ಬೇಡ. ಆಟ ಒಂದು ಉಳಿದಿತ್ತು.

ಒಂದು ದಿನ ಆಟದ ನಡುವೆ ಮಗ್ಗಕ್ಕೆ ಪಾವು, ಅಂದರೆ ಹಾಸುನೂಲು, ಕೊಡುವವರು ಕರೆದರೆಂದು ಅಪ್ಪ ಎದ್ದು ಹೋದರು. ಸರದಿ ಅವಳದ್ದು, ಕಟ್ಟೆ ಅವಳ ಕೈಯಲ್ಲೇ ಇತ್ತು. ಅಪ್ಪನ ಬಿಳಿ ಕಾಯಿಯೊಂದು ಅವಳ ಕೆಂಪು ಕಾಯಿಗಿಂತ ಐದು ಮನೆ ಮುಂದಿತ್ತು. ಐದು ಬಿದ್ದರೆ ಕಡಿಯಬಹುದು. ಆಗ ವಸಂತಕುಮಾರ್ ಬಂದು, ಅಪ್ಪ ನಿಯಮ ಬರೆಯುತ್ತಿದ್ದ ನೋಟುಪುಸ್ತಕ ತೆರೆದು ಓದಿ ನಕ್ಕ.

“ನಿನ್ಗಲ್ಲ ಇದು. ಮೊದಲ್ನೇ ಸಾಲೇ ಬರ್ದವ್ರೆ ನೋಡು. ಗಂಡು ಆಡಬೇಕು.”

ಅವಳೂ ಓದಿದಳು. ಮನೆಯ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದದ್ದು. ಆ ಮನೆಯಲ್ಲಿ ಯಾರಿಗೂ ಬೇರೆ ಅಕ್ಷರ ಬರುತ್ತಿರಲಿಲ್ಲ. ಗಂಡು ಆಡಬೇಕು. ಹಾಗೇ ಇತ್ತು. ಕಟ್ಟೆಗಳನ್ನು ಕೆಳಗಿಟ್ಟು ಎದ್ದಳು. ಅಪ್ಪ ಬಂದು ಎರಡು ಸಲ ಕರೆದರು. ಬೇಡ ಎಂದಳು. ಹನ್ನೊಂದು ವರ್ಷ ಬೇಡ ಎಂದೇ ಇದ್ದಳು.

* * *

“ಸುಡೋದಾದ್ರೆ ಅಪ್ಪ ಯಾಕ ಬರ್ದಿಡ್ಬೇಕು, ಅಮ್ಮಿಣಿ?” ವಸಂತಕುಮಾರ್ ಮಣೆಯ ಮೇಲೆ ಕೈಯಿಟ್ಟು, ತಂಗಿಯನ್ನು ಮನೆಯ ಮುದ್ದಿನ ಹೆಸರಿನಿಂದ ಕರೆದು ಹೇಳಿದ. “ಗಂಡು ಆಡಬೇಕು ಅಂತ ಅವರೇ ಬರ್ದವ್ರೆ. ಅದ್ಕೇ ಕೇಳ್ತೀನಿ.”

ಹೆಂಗಸರ ನಡುವೆ ಕೂತಿದ್ದ ತಾಯಿ ರಾಮಾಯಿ ತಲೆ ಎತ್ತಿದಳು. ಅವಳಿಗೆ ಯಾವ ಅಕ್ಷರವೂ ಬರುವುದಿಲ್ಲ. ಆ ಸಾಲನ್ನು ಯಾರಾದರೂ ಓದಿದ್ದು ಇವತ್ತೇ ಮೊದಲ ಸಲ ಅವಳ ಕಿವಿಗೆ ಬಿದ್ದದ್ದು.

“ಗಂಡಲ್ಲ ಅದು,” ಎಂದಳು. “ಕಂಡು. ಕಂಡು ಆಡಬೇಕು. ಉರುಳ್ಸಿ, ಬಿದ್ದುದ್ನ ಕಂಡು, ಅಪ್ಪುರಂ ಆಡಬೇಕು ಅಂತ ನಮ್ ಅಮ್ಮಿಣಿ ಏಳ್ತು, ಅದ್ನೇ ಮೊದಲ್ನೇ ಸಾಲು ಬರ್ದೆ ಅಂತ ನನ್ತಾವ ಏಳಿದ್ರು. ರಾಟೆ ಸುತ್ತಾ ಕೇಳ್ದೆ ನಾನು.”

ತಮಿಳಿನಲ್ಲಿ ಕ ಎಂಬುದಕ್ಕೂ ಗ ಎಂಬುದಕ್ಕೂ ಒಂದೇ ಅಕ್ಷರ. ಕಂಡು ಎಂದರೂ ಅದೇ, ಗಂಡು ಎಂದರೂ ಅದೇ. ವಸಂತಕುಮಾರ್ ಮಣೆಯ ಮೇಲಿನ ಕೈ ತೆಗೆದ.

“ಅನ್ನೊಂದು ವರ್ಷ,” ಎಂದಳು ಕಾರ್ತಿಕಾ. “ಯಾಕಮ್ಮ ಏಳ್ಲಿಲ್ಲ?”

“ನೀನು ಕೇಳ್ಲಿಲ್ಲ. ದೊಡ್ಡೋಳಾದ್ಲು, ಆಟ ಬೇಡಾಯ್ತು ಅಂತ ಅವರೇ ನೆನೆಸ್ಕೊಂಡ್ರು.”

ಕಾರ್ತಿಕಾಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅಣ್ಣನ ಮೇಲೆ, ಅಮ್ಮನ ಮೇಲೆ, ಆ ಒಂದು ಅಕ್ಷರದ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ಮಲಗಿದ್ದವರ ಮೇಲೆ. ಯಾಕೆ ಬೇಡ ಎಂದು ಮೂರನೆಯ ಸಲ ಕೇಳಿದ್ದರೆ ಅಪ್ಪನ ಗಂಟೇನು ಹೋಗುತ್ತಿತ್ತು? ತನ್ನ ಮೇಲೂ ಉರಿಯಿತು. ಎರಡು ಸಲ ಕರೆದಾಗ ಎರಡು ಸಲವೂ ಬೇಡ ಎಂದವಳು ತಾನೇ.

ಮಣೆಯನ್ನು ಎತ್ತಿ ಮುಖದ ಹತ್ತಿರ ಹಿಡಿದು ನೋಡಿದಳು. ಮೂರನೆಯ ಅಟ್ಟೆಯಲ್ಲಿ ಅವಳ ಕೆಂಪು ಕಾಯಿ. ಐದು ಮನೆ ಮುಂದೆ ಅಪ್ಪನ ಬಿಳಿ ಕಾಯಿ. ಉಳಿದವೂ ಅವತ್ತು ಇದ್ದಲ್ಲೇ ಇದ್ದವು. ಬಿಳಿ ನೂಲು ಮಾಸಿ ಮಣ್ಣಿನ ಬಣ್ಣವಾಗಿತ್ತು. ಕೆಂಪು ನೂಲು ಮಾತ್ರ ಹೊಸದು, ಈಚೆಗೆ ಸುತ್ತಿದ್ದು.

ಹೊರಗೆ ಶಂಖ ಊದಿದರು. ಹೊತ್ತಾಯಿತು, ಎತ್ತೋಣ ಎಂದು ರಾಮಸಾಮಿ ಮಾವ ಹೇಳಿದರು. ಸ್ಮಶಾನಕ್ಕೆ ಹೆಂಗಸರು ಹೋಗುವಂತಿಲ್ಲ, ಬೀದಿಯ ತಿರುವಿನವರೆಗೆ ಮಾತ್ರ.

“ನಿಲ್ಲಿ ಮಾಮ,” ಎಂದಳು ಕಾರ್ತಿಕಾ. “ನನ್ ಸರದಿ.”

ಮಣೆಯನ್ನು ನೆಲಕ್ಕೆ ಹಾಸಿ, ಅದರ ಅಂಚಿಗೆ ಕಟ್ಟಿದ್ದ ಪುಟ್ಟ ಚೀಲದಿಂದ ಕಟ್ಟೆಗಳನ್ನು ತೆಗೆದು ಅಂಗೈಯಲ್ಲಿ ಉಜ್ಜಿ ಉರುಳಿಸಿದಳು. ಹಿತ್ತಾಳೆಯ ಸದ್ದಿಗೆ ಶಂಖದವನೂ ಒಳಗೆ ಇಣುಕಿದ. ಎರಡು ಮತ್ತು ಒಂದು ಬಿತ್ತು. ಮೂರು.

ಕಾರ್ತಿಕಾ ಕಟ್ಟೆ ನೋಡಿದಳು. ಮಣೆ ನೋಡಿದಳು. ಹನ್ನೊಂದು ವರ್ಷ ಐದು ಮನೆ ಮುಂದಿನ ಆ ಕಾಯಿಯನ್ನೇ ನೆನೆದಿದ್ದವಳು ಈಗ ಎಡದ ಅಂಚಿನವರೆಗೂ ಕಣ್ಣಾಡಿಸಿದಳು. ಅಲ್ಲಿ ಅವಳದೇ ಇನ್ನೊಂದು ಕೆಂಪು ಕಡ್ಡಿ, ಅದರಿಂದ ಸರಿಯಾಗಿ ಮೂರು ಮನೆ ದೂರಕ್ಕೆ ಅಪ್ಪನ ಇನ್ನೊಂದು ಬಿಳಿ ಕಡ್ಡಿ. ಅದನ್ನು ಕಿತ್ತು, ಆ ತೂತಿಗೆ ತನ್ನದನ್ನು ಒತ್ತಿ ಕೂರಿಸಿದಳು.

ಆಮೇಲೆ ಎದ್ದು ಹೋಗಿ, ಕಡಿದ ಕಾಯಿಯನ್ನು ಅಪ್ಪನ ಕಾಲಿನ ಕಟ್ಟಿದ ಹೆಬ್ಬೆರಳುಗಳ ನಡುವೆ ಸಿಕ್ಕಿಸಿ, ಮಣೆಯನ್ನು ಸುರುಳಿ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು.