ಅಜೈಬಾದಲ್ಲೊಂದು ಅಮೆರಿಕದ ಊಟ

ಚನ್ನಪ್ಪನ ಕಂಪನಿಯಿಂದ ಒಬ್ಬರನ್ನು ಎರಡು ವರ್ಷಕ್ಕೆ ಅಮೆರಿಕದ ಹ್ಯೂಸ್ಟನ್ನಿಗೆ ಕಳಿಸುವುದಿತ್ತು. ಹೆಸರು ಬರೆಯುವವರು ಹೊಸ ಮ್ಯಾನೇಜರ್ ಮಾರ್ಸೆಲಿನ್, ಅಪ್ಪಟ ಅಮೆರಿಕದ ಹೆಂಗಸು. ಅವರು ಶುಕ್ರವಾರ ಮಧ್ಯಾಹ್ನ ಅಜೈಬಾ ಬಡಾವಣೆಯ ತಮ್ಮ ಮನೆಗೆ ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದಾಗ, ಹನ್ನೊಂದು ವರ್ಷದಿಂದ ಮಸ್ಕತ್ತಿನ ಬಿಸಿಲಿನಲ್ಲಿ ಗೇಜುಗಳ ಮುಳ್ಳು ನೋಡುತ್ತಿದ್ದ ಈ ಬಾಗಲಕೋಟೆಯ ಎಂಜಿನಿಯರ್ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿದ. ಹೋಗುವ ಆಸೆ ಅವನಿಗೆ ಎಷ್ಟಿತ್ತೆಂದರೆ ಆಗಲೇ ಎರಡು ಸ್ವೆಟರ್ ಕೊಂಡಿಟ್ಟಿದ್ದ. ಹ್ಯೂಸ್ಟನ್ನಿನಲ್ಲೂ ಬಿಸಿಲೇ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಪಾಠ ಹೇಳಲು ಸಹೋದ್ಯೋಗಿ ಕೆಂಪಣ್ಣ, ವಾದಿ ಅದಾಯ್ ಬಡಾವಣೆಯಲ್ಲಿದ್ದ ಚನ್ನಪ್ಪನ ಫ್ಲಾಟಿಗೇ ಬಂದ. ಮೈಸೂರಿನ ಕೆಂಪಣ್ಣ ಅಮೆರಿಕದಲ್ಲಿ ಒಂಬತ್ತು ದಿನ ಇದ್ದವನು, ಅದರಲ್ಲಿ ಎರಡು ದಿನ ಏರ್‌ಪೋರ್ಟಿನಲ್ಲಿ. ಆದರೂ ಆ ದೇಶದ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಹನ್ನೆರಡೂವರೆ ಎಂದರೆ ಹನ್ನೆರಡೂವರೆಯೇ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನಬೇಕು, ಮಂಡಿನೋವಿನ ಕತೆ ತೆಗೆಯಬಾರದು. ವಯಸ್ಸು, ಸಂಬಳ, ಮಕ್ಕಳು ಯಾಕಿಲ್ಲ, ಇವನ್ನು ಕೇಳಲೇಬಾರದು. ತೇಗಬಾರದು. ಮತ್ತೆ ಮಾತಾಡುವುದೇನನ್ನು ಎಂದು ಚನ್ನಪ್ಪನ ಹೆಂಡತಿ ಶರಣವ್ವ ಕೇಳಿದಳು. ಹವಾಮಾನ ಎಂದ ಕೆಂಪಣ್ಣ. ಒಂದು ಪಾಠ ಮಾತ್ರ ಅವನಿಗೆ ಹೊಳೆಯಲಿಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಅವನು ಬಡಿಸಿದ್ದನ್ನು ಬೇಡ ಎಂದವನೇ ಅಲ್ಲ.

ಹನ್ನೆರಡಕ್ಕೇ ತಲುಪಿದ ದಂಪತಿ ಅರ್ಧ ಗಂಟೆ ಕಾರಿನಲ್ಲೇ ಎ.ಸಿ. ಹಾಕಿಕೊಂಡು ಕೂತು, ಸರಿಯಾದ ಹೊತ್ತಿಗೆ ಬೆಲ್ ಒತ್ತಿದರು. ಇವರು ಮಾಂಸ ತಿನ್ನುವುದಿಲ್ಲವೆಂದು ಮಾರ್ಸೆಲಿನ್ ಚೀಸಿನಲ್ಲಿ ಮುಳುಗಿಸಿದ ಮ್ಯಾಕರೋನಿ, ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು, ಸೇಬಿನ ಪೈ ಎಲ್ಲವನ್ನೂ ತಾವೇ ಮಾಡಿದ್ದರು. ಮ್ಯಾಕರೋನಿಯ ಬಟ್ಟಲು ಹಿಡಿದು ಹಾಕಲೇ ಎಂದರು. ಬೇಡ ಬೇಡ, ಈಗಷ್ಟೇ ಉಂಡು ಬಂದೆವು ಎಂದ ಚನ್ನಪ್ಪ. ಅವನ ಊರಿನಲ್ಲಿ ಮೊದಲ ಸಲಕ್ಕೇ ಹೂಂ ಎಂದವನು ಉಪವಾಸ ಬಿದ್ದವನು, ಮೂರನೇ ಸಲಕ್ಕೂ ಒಲ್ಲೆ ಎಂದವನು ಸೊಕ್ಕಿನವನು. ಮಾರ್ಸೆಲಿನ್ ಪರವಾಗಿಲ್ಲ ಎಂದು ನಕ್ಕು ಬಟ್ಟಲನ್ನು ಆಚೆಗಿಟ್ಟರು. ಬೀನ್ಸೂ ಹಾಗೇ ಹೋಯಿತು. ಬ್ರೆಡ್ಡು ಬರುವಷ್ಟರಲ್ಲಿ ಶರಣವ್ವನಿಗೆ ವಿಷಯ ತಿಳಿದಿತ್ತು. ಕೇಳಿದ್ದೇ ತಡ ತಟ್ಟೆ ಮುಂದೆ ಹಿಡಿದಳು, ಪೈ ಎರಡು ತುಂಡು ಹಾಕಿಸಿಕೊಂಡಳು. ಹೆಂಡತಿಯ ಹೊಟ್ಟೆಬಾಕತನಕ್ಕೆ ನಾಚಿದ ಚನ್ನಪ್ಪ ನೀರು ಕುಡಿಯುತ್ತ ಹವಾಮಾನದ ಬಗ್ಗೆ ಮಾತಾಡಿದ.

ಕಾಫಿಯ ಹೊತ್ತಿಗೆ ಮಾರ್ಸೆಲಿನ್ ನೇರವಾಗಿ ವಿಷಯಕ್ಕೆ ಬಂದರು. "ಹ್ಯೂಸ್ಟನ್ನಿಗೆ ನಿಮ್ಮ ಹೆಸರು ಬರೆಯೋಣ ಅಂತಿದ್ದೇನೆ. ಹೋಗ್ತೀರಾ?"

ಚನ್ನಪ್ಪನಿಗೆ ಖುಷಿಯೋ ಖುಷಿ. ಆದರೆ ಕೂಡಲೇ ಹೂಂ ಎಂದರೆ ಹಪಾಹಪಿ ಕಂಡೀತು. ಕೈ ಜೋಡಿಸಿ, "ನಾನೆಲ್ಲಿ ಮೇಡಂ, ನನಗಿಂತ ಹಿರಿಯರು ಕೆಂಪಣ್ಣ ಇದ್ದಾರೆ" ಎಂದು ತಲೆ ತಗ್ಗಿಸಿದ. ಮೇಜಿನ ಕೆಳಗೆ ಶರಣವ್ವ ಅವನ ಕಾಲು ತುಳಿದಳು. ಮಾರ್ಸೆಲಿನ್ ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಮನಸಾರೆ ಥ್ಯಾಂಕ್ಸ್ ಹೇಳಿ, ಹಾಗಾದರೆ ಕೆಂಪಣ್ಣನನ್ನೇ ಕಳಿಸುತ್ತೇನೆ ಎಂದು ಕಾಫಿ ಮುಗಿಸಿದರು.

ಹೊರಗೆ ಬಂದು ಕಾರಿನಲ್ಲಿ ಕೂತ ಚನ್ನಪ್ಪ ಗಾಡಿ ತೆಗೆಯಲಿಲ್ಲ. ಮಾರ್ಸೆಲಿನ್ ಅವರ ಬಾಗಿಲನ್ನೇ ನೋಡುತ್ತಿದ್ದ. ಹಸಿವಿನಿಂದ ಹೊಟ್ಟೆ ಚುರುಗುಟ್ಟುತ್ತಿತ್ತು.

ಯಾಕೆ ನಿಂತಿರಿ ಎಂದು ಶರಣವ್ವ ಕೇಳಿದಳು.

"ಇನ್ನೊಮ್ಮೆ ಕೇಳ್ತಾರೇನೋ ಅಂತ."

ಶರಣವ್ವ ಸೀಟ್ ಬೆಲ್ಟ್ ಹಾಕಿಕೊಂಡಳು. "ಖಲಾಸ್ ಆತು, ನಡೀರಿ. ಆಕಿ ನಿಮ್ಮವ್ವ ಅಲ್ಲ, ಬೆನ್ನ ಹತ್ತಿ ಉಣಸಾಕ."