ಅಪ್ಪನ ದಿಬ್ಬಕ್ಕೆ ವರ್ಷದ ಬಿಡುವು

ಗಾಜು ಮಂಜಾಗಿದೆ, ಮತ್ತೇನಲ್ಲ, ಅವಸರದಲ್ಲಿ ಉಗುಳು ಸರಿಯಾಗಿ ಸವರಲಿಲ್ಲ ಎಂದುಕೊಂಡು ಆರ್ಡಿತ್ ನೀರಿನಿಂದ ತಲೆ ಎತ್ತಿದಳು, ಮಾಸ್ಕ್ ಕಳಚಿ ಒಳಬದಿಗೆ ಇನ್ನೊಮ್ಮೆ ಉಗುಳಿ ಹೆಬ್ಬೆರಳಿನಲ್ಲಿ ತಿಕ್ಕಿ ತೊಳೆದಳು — ಮೂವತ್ತು ವರ್ಷದಿಂದ ಪ್ರವಾಸದ ಹಡಗಿನಿಂದ ಇಳಿದು ಬರುವ ಜನಕ್ಕೆಲ್ಲ ಇದನ್ನೇ ಹೇಳಿಕೊಟ್ಟವಳು, ಉಗುಳಿ, ನಾಚ್ಕೋಬೇಡಿ, ನಿಮ್ಮದೇ ಉಗುಳಲ್ವಾ ಎಂದು ನಗಿಸಿದವಳು, ತಾನೇ ಮರೆತರೆ ಹೇಗೆ — ಮತ್ತೆ ಮುಖ ಮುಳುಗಿಸಿದಳು, ಗಾಜು ಸ್ವಚ್ಛವಾಗಿತ್ತು, ಗಾಜಿನಾಚೆ ಎಲ್ಲ ಬಿಳಿ. ಹಾಗಾದರೆ ಜಾಗ ತಪ್ಪಿದೆ, ಜಾಗವೇ ತಪ್ಪಿದೆ, ಕ್ಲೀವನ್ ದೋಣಿಯನ್ನು ಇನ್ನೆಲ್ಲೋ ತಂದು ನಿಲ್ಲಿಸಿದ್ದಾನೆ, ಒಂದು ವರ್ಷ ಈ ಕಡೆ ಬಂದಿಲ್ಲ ನೋಡು, ತಮ್ಮನಿಗೆ ಗುರುತು ಮರೆತುಹೋಗಿದೆ, ಮೊದಲಿನಿಂದಲೂ ಅವನು ಮೈಮರೆವಿನವನೇ, ಮದುವೆಯ ದಿನ ಉಂಗುರ ಬಿಟ್ಟುಬಂದ ಪುಣ್ಯಾತ್ಮ — ಅವಳು ದಡದ ಕಡೆ ತಿರುಗಿದಳು, ಚರ್ಚಿನ ಗೋಪುರ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ನೆಟ್ಟಗೆ ಕೂತಿದೆ, ಪಶ್ಚಿಮಕ್ಕೆ ನೋಡಿದಳು, ಕರಿಬಂಡೆ ಭೂಶಿರದಿಂದ ಬಿಡಿಸಿಕೊಂಡು ನಡುವೆ ಒಂದು ಕೈಯಗಲ ಬೆಳಕು ಕಾಣುತ್ತಿದೆ, ಈ ಎರಡು ಗುರುತು ಒಟ್ಟಿಗೆ ಕೂಡಿದ ಕಡೆಯೇ ಅಪ್ಪನ ಹವಳದ ದಿಬ್ಬ, ಅವಳ ಆರನೇ ವಯಸ್ಸಿನಲ್ಲಿ ಅಪ್ಪ ಗಲ್ಲ ಹಿಡಿದು ಮೊದಲು ಅತ್ತ ಆಮೇಲೆ ಇತ್ತ ತಿರುಗಿಸಿ ತೋರಿಸಿದ್ದ, ಯಾರ ಹತ್ರನಾದ್ರೂ ಬಾಯಿ ಬಿಟ್ಯೋ ನಿನ್ನ ನಾಲಿಗೆ ಕತ್ತರಿಸಿ ಏಡಿಗೆ ಹಾಕ್ತೀನಿ ಎಂದಿದ್ದ, ಅವಳು ಬಾಯಿ ಬಿಟ್ಟಿಲ್ಲ, ನಲವತ್ತೇಳು ವರ್ಷ, ಗಂಡನಿಗೂ ಹೇಳಿಲ್ಲ. ಜಾಗ ತಪ್ಪಿಲ್ಲ.

ತಪ್ಪಿಲ್ಲ ಅಂದಮೇಲೆ ಕೆಳಗಿರುವುದು ಏನು, ಎರಡಾಳು ಆಳದಲ್ಲಿ ಜಿಂಕೆಕೊಂಬಿನ ಹವಳ ಕಾಡಿನ ಹಾಗೆ ಬೆಳೆದಿರಬೇಕು, ಜೇನಿನ ಬಣ್ಣದ್ದು, ತುದಿಗಳಲ್ಲಿ ಮಾತ್ರ ತಿಳಿಹಳದಿ, ಆ ಕೊಂಬುಗಳು ಇವೆ, ಒಂದೂ ಕದಲಿಲ್ಲ, ಒಂದೊಂದನ್ನೂ ಅವಳು ಹೆಸರು ಹಿಡಿದು ಕರೆಯಬಲ್ಲಳು, ಅದು ಸೋಮಾರಿ, ಅದು ಬಸುರಿ, ಅದು ಅಪ್ಪನ ಕುರ್ಚಿ, ಎಲ್ಲ ಇದ್ದಲ್ಲೇ ಇವೆ, ಯಾರೋ ಸುಣ್ಣದಲ್ಲಿ ಅದ್ದಿ ತೆಗೆದು ಮತ್ತೆ ಅಲ್ಲೇ ಇಟ್ಟ ಹಾಗಿವೆ. ಬಾಯಲ್ಲಿ ಕಚ್ಚಿದ್ದ ನಳಿಗೆಯೊಳಗೆ ಉಸಿರು ಸಿಕ್ಕಿಕೊಂಡು ಉಪ್ಪು ನೀರು ಗಂಟಲಿಗೆ ಇಳಿಯಿತು, ಕೆಮ್ಮಿದಳು, ಇದು ಆಗುವ ಮಾತಲ್ಲ, ಮಿಕ್ಕವರ ದಿಬ್ಬಗಳಿಗೆ ಆಗಬಹುದು, ಇದಕ್ಕೆ ಆಗಬಾರದು, ಇದು ಬಿಡುವಿನಲ್ಲಿತ್ತು. ಸಮುದ್ರದ ಮನುಷ್ಯ ಸತ್ತರೆ ಅವನ ಜಾಗಕ್ಕೆ ಒಂದು ವರ್ಷ ಬಿಡುವು, ಅವರ ಕೊಲ್ಲಿಯ ಜನ ಮುತ್ತಜ್ಜಂದಿರ ಕಾಲದಿಂದ ನಡೆಸಿಕೊಂಡು ಬಂದದ್ದು, ಅಲ್ಲಿ ಗಾಳ ಹಾಕುವ ಹಾಗಿಲ್ಲ, ಲಂಗರು ಇಳಿಸುವ ಹಾಗಿಲ್ಲ, ಇಣುಕಿಯೂ ನೋಡುವ ಹಾಗಿಲ್ಲ, ಸತ್ತವನು ತನ್ನ ಜಾಗವನ್ನೆಲ್ಲ ಒಂದು ಸಲ ನಿಧಾನವಾಗಿ ಸುತ್ತಾಡಿ ಮುಗಿಸಲಿ, ಬದುಕಿರುವವರು ಕಾಲಿಗೆ ಅಡ್ಡ ಬರಬಾರದು. ಅಪ್ಪ ಹೋದ ನವೆಂಬರಿನಲ್ಲಿ ತೀರಿಕೊಂಡ, ಮೊನ್ನೆ ಗುರುವಾರ ವರ್ಷ ತುಂಬಿತು, ಶಂಖದ ಮಾಂಸದ ಸಾರು ಮಾಡಿ ತೆಂಗಿನಹಾಲಿನ ರೊಟ್ಟಿ ಸುಟ್ಟು ಕೇರಿಗೆಲ್ಲ ಬಡಿಸಿದಳು, ಪಾದ್ರಿ ಎರಡು ಸಲ ಬಡಿಸಿಕೊಂಡರು, ಬಿಡುವು ಮುಗೀತು, ಇನ್ನು ದಿಬ್ಬ ನಿಂದು ಕಣೇ ಎಂದಳು ಅತ್ತೆ. ಅದಕ್ಕೇ ಅಲ್ಲವೇ ವರ್ಷವಿಡೀ ಹಡಗಿನವರನ್ನು ಬೇರೆ ಬೇರೆ ಕಡೆ ಸುತ್ತಿಸಿದ್ದು, ಅದಕ್ಕೇ ಅಲ್ಲವೇ ಆಗಸ್ಟಿನಲ್ಲಿ ಸಮುದ್ರ ಬಾಣಂತಿಗೆ ಎರೆಯುವ ನೀರಿನಷ್ಟು ಬಿಸಿಯಾಗಿ ಉಳಿದ ಗೈಡುಗಳೆಲ್ಲ ದೋಣಿ ಕಟ್ಟುವ ಧಕ್ಕೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಾಗ ಇವಳೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತದ್ದು, ನಮ್ಮ ಕಡೆ ಹವಳ ಬೆಳ್ಳಗಾಗ್ತಾ ಇದೆ ಆರ್ಡಿ, ನಿಂದು ನೋಡಿದ್ಯಾ ಎಂದು ಅವರು ಕೇಳಿದರೆ, ನಂದ್ಯಾಕೆ ಬೆಳ್ಳಗಾಗ್ತದೆ, ನಿಮ್ಮ ಕಡೆ ದಿನಾ ನೂರು ಜನದ ಕಾಲು, ಮೈಗೆಲ್ಲ ಬಿಸಿಲಿನ ಎಣ್ಣೆ ಮೆತ್ತಿಕೊಂಡು ಇಳೀತಾರೆ, ನಂದು ನೆಮ್ಮದಿಯಾಗಿ ನಿದ್ದೆ ಮಾಡ್ತಾ ಇದೆ, ಅಪ್ಪ ಕಾವಲಿದ್ದಾರೆ. ಹೀಗೇ ಅಂದಿದ್ದಳು, ಎಲ್ಲರೆದುರು, ಜಂಬದಿಂದ. ಸೆಪ್ಟೆಂಬರಿನಲ್ಲಿ ಕ್ಲೀವನ್ ಒಬ್ಬನೇ ಮೆಲ್ಲಗೆ ಕೇಳಿದ್ದ, ಅಕ್ಕ, ಒಂದೇ ಒಂದ್ಸಲ ತಲೆ ಮುಳುಗಿಸಿ ನೋಡ್ಕೊಂಡು ಬರ್ಲಾ, ಯಾರಿಗೂ ಹೇಳಲ್ಲ, ಅದಕ್ಕೆ ಇವಳು, ಹೋಗು, ಅಪ್ಪನ ಎದೆ ಮೇಲೆ ಕಾಲಿಟ್ಕೊಂಡೇ ಹೋಗು ಎಂದಿದ್ದಳು, ಅವನು ತಲೆ ತಗ್ಗಿಸಿಕೊಂಡು ಬಲೆ ಹೊಲಿಯಲು ಕೂತ. ಬಿಸಿನೀರಿಗೆ ಬಿಡುವಿನ ವಿಷಯ ಯಾರು ಹೇಳಿದ್ದರು, ಕಾಲುಗಳನ್ನು ತಡೆದೆ, ಲಂಗರುಗಳನ್ನು ತಡೆದೆ, ನೀರನ್ನು ಹೇಗೆ ತಡೆಯುತ್ತಿದ್ದೆ, ದಡ್ಡಿ, ದಡ್ಡಿ ಮುಂಡೇದೇ.

ಅಯ್ಯೋ ದೇವರೇ ಎಷ್ಟು ಚೆನ್ನಾಗಿದೆ — ಯಾರೋ ಭುಜ ತಟ್ಟಿದರು, ಡಾರ್ಲಾ, ಓಹಾಯೋದಿಂದ ಬಂದ ನಿವೃತ್ತ ಟೀಚರಮ್ಮ, ಬೆಳಿಗ್ಗೆ ಧಕ್ಕೆಯಲ್ಲಿ ನೋಟ್‌ಬುಕ್ ಹಿಡಿದುಕೊಂಡು ಇವಳನ್ನು ಹುಡುಕಿ ಹುಡುಕಿ ಬಂದವಳು, ನಳಿಗೆಯನ್ನು ಬಾಯಿಯಿಂದ ಕಿತ್ತು ನೀರಿನ ಮೇಲೇ ಕೂಗುತ್ತಿದ್ದಾಳೆ, ಆರ್ಡಿತ್, ನೀವು ದೇವತೆ ಕಣ್ರೀ, ಹೋದ ಮೂರು ಬಂದರಲ್ಲಿ ಹಡಗಿನವರೇ ಕರ್ಕೊಂಡು ಹೋದ್ರು, ಒಂದ್ಕಡೆ ಬರೀ ಮರಳು, ಒಂದ್ಕಡೆ ಕೆಸರು, ಇನ್ನೊಂದ್ಕಡೆ ಎಂಬತ್ತು ಜನ ಒಬ್ಬರ ಮುಖಕ್ಕೆ ಒಬ್ಬರು ಒದ್ಕೊಂಡು ಈಜಿದ್ವಿ, ರೊವಾಟಾನ್ ದ್ವೀಪದಲ್ಲಿ ಮಿಸ್ ಆರ್ಡಿತ್‌ನ ಕೇಳಿ, ಹಡಗಿನವರನ್ನ ನಂಬಬೇಡಿ ಅಂತ ಒಬ್ಬರು ಬರ್ದಿದ್ರು, ಅವರ ಬಾಯಿಗೆ ಸಕ್ಕರೆ ಹಾಕಬೇಕು, ಕೊನೆಗೂ ಸಿಕ್ತು, ಇದೇ, ಇದನ್ನೇ ಹುಡುಕ್ತಿದ್ದೆ. ಉಳಿದ ಏಳು ಜನವೂ ಹೋ ಎನ್ನುತ್ತಿದ್ದಾರೆ, ನೀಲಿ ಟೋಪಿಯವನು ಫೋಟೋ ತೆಗೆಯುತ್ತಲೇ ಇದ್ದಾನೆ, ನಮ್ಮೂರಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ ಹೀಗೇ ಇರುತ್ತೆ, ಅಲ್ವಾ ಡಾರ್ಲಾ, ಮದುಮಗಳ ಹಾಗಿದೆ, ಇದು ಯಾವಾಗಲೂ ಇಷ್ಟೇ ಬೆಳ್ಳಗಿರುತ್ತಾ ಆರ್ಡಿತ್. ಅವಳು ಬಾಯಿ ತೆರೆದಳು, ನೀವು ಸಾವಿನ ಮನೇಲಿ ನಿಂತಿದ್ದೀರಿ ಎನ್ನಬೇಕು, ಟೋಪಿ ತೆಗೀರಿ, ಬಾಯಿ ಮುಚ್ಚಿ ಎನ್ನಬೇಕು, ಹೂಂ ಎಂದಳು. ಹೂಂ, ಯಾವಾಗಲೂ. ಆ ಹೂಂ ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೆ ನಂಬಲಾಗಲಿಲ್ಲ, ದೋಣಿಯ ಅಂಚಿನಲ್ಲಿ ಬಾಗಿ ನಿಂತಿದ್ದ ಕ್ಲೀವನ್ ಕೇಳಿಸಿಕೊಂಡ, ಅವನೂ ಕೆಳಗೆ ನೋಡಿದ್ದಾನೆ, ನೀರು ಅಷ್ಟು ತಿಳಿ, ದೋಣಿಯಿಂದಲೇ ಎಲ್ಲ ಕಾಣುತ್ತದೆ, ಅವನು ಅಕ್ಕನ ಮುಖ ನೋಡುತ್ತಿಲ್ಲ, ಹಗ್ಗ ನೋಡುತ್ತಿದ್ದಾನೆ, ಬಯ್ಯೋ, ನಾನಂದಿದ್ದೆ ಅಂತ ಒಂದು ಮಾತಾದರೂ ಅನ್ನೋ, ಅನ್ನುವುದಿಲ್ಲ ಅವನು, ಅದೇ ಕಷ್ಟ. ಮಿಸ್ ಆರ್ಡಿತ್, ಒಂದ್ನಿಮಿಷ, ಇಲ್ಲಿ ನಿಂತ್ಕೊಳ್ಳಿ, ಹಿಂದೆ ಆ ಬಿಳೀದೆಲ್ಲ ಬರ್ಲಿ, ನಗಿ, ಎಂದ ನೀಲಿ ಟೋಪಿಯವನು, ಮೂವತ್ತು ವರ್ಷದ ಅಭ್ಯಾಸ ನೋಡಿ, ಕೆನ್ನೆ ತಂತಾನೇ ಎರಡೂ ಕಡೆ ಎಳೆದುಕೊಂಡಿತು.

ಬಿಳಿ ಅಂದ್ರೆ ಸತ್ತಿದೆ ಅಂತಲ್ಲ ಮಿಸ್ ಆರ್ಡಿತ್, ಹಸಿದಿದೆ ಅಂತ — ಇದನ್ನು ಯಾರು ಹೇಳಿದ್ದು, ಯಾದಿರಾ, ಹವಳದ ನರ್ಸರಿಯ ಹುಡುಗಿ, ಜುಲೈ ತಿಂಗಳಲ್ಲಿ, ಆರ್ಡಿತ್ ಹಿತ್ತಿಲಿನಲ್ಲಿ ಮೀನು ಹೆರೆಯುತ್ತಿದ್ದಾಗ ಮರದ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಬಂದು ನಿಂತಿದ್ದಳು, ಒಳನಾಡಿನವಳು, ಸ್ಪ್ಯಾನಿಷ್ ರಾಗದಲ್ಲಿ ದ್ವೀಪದ ಮಾತಾಡುವವಳು. ಈ ಬೇಸಿಗೆ ತುಂಬ ಬಿಸಿ ಬರ್ತಿದೆ, ಎಲ್ಲ ದಿಬ್ಬಗಳಿಂದ ಒಂದಿಷ್ಟು ತುಂಡು ತೆಗ್ದು ಆಳದ ತಣ್ಣೀರಲ್ಲಿ ತೂಗುಹಾಕ್ತಾ ಇದೀವಿ, ಮೇಲಿನದು ಹೋದ್ರೂ ಬೀಜ ಉಳೀಲಿ ಅಂತ, ನಿಮ್ಮ ಅಪ್ಪನ ದಿಬ್ಬದ್ದು ಇಡೀ ದ್ವೀಪದಲ್ಲೇ ಹಳೇದು ಅಂತಾರೆ, ಜಾಗ ನಮಗೆ ತೋರಿಸೋದು ಬೇಡ, ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಬೇಕಾದ್ರೂ ಕರ್ಕೊಂಡು ಹೋಗಿ, ಬೆರಳುದ್ದದ್ದು ಹತ್ತು ತುಂಡು, ಹತ್ತೇ, ಸಾಕು. ಏನಮ್ಮಾ, ನಿಮ್ಮೂರಲ್ಲಿ ಹಸು ಹಿಂದೆ ಓಡಾಡ್ಕೊಂಡಿದ್ದವಳು ನಂಗೆ ಸಮುದ್ರ ಹೇಳ್ಕೊಡ್ತೀಯಾ, ಅಪ್ಪ ಅಲ್ಲಿ ಸುತ್ತಾಡ್ತಾ ಇದ್ದಾರೆ, ನವೆಂಬರ್‌ವರೆಗೂ ಯಾರೂ ಹೋಗೋ ಹಾಗಿಲ್ಲ, ಮುಟ್ಟಿ ಮುರಿಯೋದಂತೂ ಕನಸಲ್ಲೂ ಇಲ್ಲ, ಎಂದು ಆರ್ಡಿತ್ ಹೆರೆದ ಹುರುಪೆಯನ್ನೆಲ್ಲ ಅವಳ ಕಾಲ ಹತ್ತಿರವೇ ಕೊಡವಿದ್ದಳು, ಬೇಕೆಂದೇ. ಹುಡುಗಿ ಅಳಲಿಲ್ಲ, ಸಿಟ್ಟಾಗಲಿಲ್ಲ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು, ಬೆಳ್ಳಗಾದ ಮೇಲೂ ಸ್ವಲ್ಪ ದಿನ ಇರುತ್ತೆ, ಪಾಚಿ ಹತ್ತಿದ್ರೆ ಮಾತ್ರ ಮುಗೀತು, ಆಗ ನಂಗೆ ಹೇಳಿ ಏನೂ ಪ್ರಯೋಜನ ಇಲ್ಲ.

ಪಾಚಿ. ಉಸಿರೆಳೆದುಕೊಂಡು ಆರ್ಡಿತ್ ಮುಳುಗಿದಳು, ಕಿವಿ ಟಪ್ಪೆಂದಿತು, ಐವತ್ತಮೂರರ ಮೈ ಆದರೂ ಇಳಿಯುವುದು ಮರೆತಿಲ್ಲ, ಅಪ್ಪನ ಕುರ್ಚಿಯ ಬೆನ್ನಿಗೆ ಮುಖ ತಂದಳು, ದೂರಕ್ಕೆ ಬಿಳಿ ಕಂಡದ್ದು ಹತ್ತಿರದಲ್ಲಿ ಬಿಳಿಯಲ್ಲ, ಮೇಲೆ ಹಳೇ ಹಲ್ಲಿನ ಕೊಳೆಯ ಹಾಗೆ ತೆಳುವಾದ ಹಸಿರು ಪಾಚಿಯ ಪೊರೆ, ಬಸುರಿಯ ಮೇಲೂ ಅದೇ, ಸೋಮಾರಿಯ ತುಂಬ ಅದೇ, ಮೇಲೆ ಬಂದಳು, ಉಸಿರು, ಮತ್ತೆ ಇಳಿದಳು, ಇನ್ನೊಂದು ಸಾಲು, ಮತ್ತೆ ಮೇಲೆ, ಮತ್ತೆ ಕೆಳಗೆ, ಹತ್ತು ತುಂಡು ಕೇಳಿದ್ದಳು ಆ ಹುಡುಗಿ, ಬರೀ ಹತ್ತು, ಐದನೆಯ ಸಲವೋ ಆರನೆಯ ಸಲವೋ, ಎದೆ ಉರಿಯುತ್ತಿದೆ, ದಿಬ್ಬದ ಪೂರ್ವಕ್ಕೆ ಬಂಡೆ ಚಾಚಿಕೊಂಡ ಕಡೆ, ಬಿಸಿಲು ತಾಗದ ಸಂದಿಯಲ್ಲಿ, ಜೇನಿನ ಬಣ್ಣ. ಒಂದೇ ಒಂದು ಕವಲು, ಅವಳ ಕಿರುಬೆರಳಿಗಿಂತ ತುಸು ದಪ್ಪ, ಮೈತುಂಬ ಜೀವ. ಬೆಳಿಗ್ಗೆ ದೋಣಿ ಹತ್ತಿಸುವಾಗ ಎಂಟು ಜನರನ್ನೂ ಸಾಲಾಗಿ ಕೂರಿಸಿ ಬೆರಳು ಆಡಿಸಿ ಹೇಳಿದ್ದಳು, ಒಂದು ಬೆರಳು ತಾಗಿಸಿದ್ರೂ ಸಾಯ್ತದೆ, ತಾಗಿಸಿದವರನ್ನ ಇಲ್ಲೇ ಬಿಟ್ಟು ಹೋಗ್ತೀನಿ, ನಿಮ್ಮ ಹಡಗು ಕಾಯಲ್ಲ, ಎಲ್ಲರೂ ನಕ್ಕಿದ್ದರು, ಅಪ್ಪ ಹೇಳಿದ ಮಾತು ಅದು, ಅಪ್ಪನೂ ಯಾವತ್ತೂ ಮುಟ್ಟಿದವನಲ್ಲ, ಇವಳೂ ಮುಟ್ಟಿದವಳಲ್ಲ, ನಲವತ್ತೇಳು ವರ್ಷದಲ್ಲಿ ಹವಳ ಮುಟ್ಟಿದರೆ ಹೇಗಿರುತ್ತದೆ ಎಂದೇ ಅವಳಿಗೆ ಗೊತ್ತಿಲ್ಲ, ಒರಟು, ಜಾರು, ಎರಡೂ ಒಟ್ಟಿಗೆ — ಬುಡದಲ್ಲಿ ಹಿಡಿದು ತಿರುಚಿದಳು. ನೀರಿನೊಳಗೂ ಸದ್ದು ಕೇಳಿಸಿತು.

ಮೇಲೆ ಬಂದಾಗ ಡಾರ್ಲಾ ಎದುರಿಗೇ ತೇಲುತ್ತಿದ್ದಳು, ನೋಡಿದ್ದಾಳೆ, ಎಲ್ಲ ನೋಡಿದ್ದಾಳೆ, ಗಾಜಿನ ಹಿಂದೆ ಅವಳ ಕಣ್ಣು ಅಷ್ಟಗಲ, ನೀವು ಮುರಿದ್ರಿ, ನೀವೇ ಮುರಿದ್ರಲ್ಲ, ಮುಟ್ಟಬಾರದು ಅಂತ ಬೆಳಿಗ್ಗೆ ನೀವೇ ಅಂದ್ರಿ. ಹೌದಮ್ಮಾ, ನಾನೇ ಅಂದೆ. ಬೇರೇನೂ ತೋಚಲಿಲ್ಲ, ಅಂಗೈ ಮುಚ್ಚಿಕೊಂಡೇ ಏಣಿ ಹತ್ತಿದಳು, ಕ್ಲೀವನ್, ಆ ಪೆಟ್ಟಿಗೇಲಿರೋ ಬಿಯರೆಲ್ಲ ಹೊರಗೆ ಹಾಕು, ಐಸು ಚೆಲ್ಲು, ಸಮುದ್ರದ ನೀರು ತುಂಬು, ಯಾದಿರಾನ ವೈರ್‌ಲೆಸ್‌ನಲ್ಲಿ ಕರಿ, ಗುರುತು ಹೇಳು, ಈಗಲೇ ಬರ್ಲಿ. ಅಕ್ಕ, ವೈರ್‌ಲೆಸ್‌ನಲ್ಲಿ ಅಂದ್ರೆ ದ್ವೀಪದ ದೋಣಿಯೆಲ್ಲ ಕೇಳಿಸ್ಕೊಳ್ತದೆ. ಕೇಳಿಸ್ಕೊಳ್ಲಿ. ಅಪ್ಪನ ಗುರುತು ಅಕ್ಕ. ಹೇಳೋ ಅಂದ್ನಲ್ಲ, ನೀನು ಹೇಳದಿದ್ರೆ ನಾನೇ ಹೇಳ್ತೀನಿ, ಎಂದು ಅವನ ಕೈಯಿಂದ ಕಿತ್ತುಕೊಂಡು ಹೇಳಿದಳು, ಗೋಪುರ ಟ್ಯಾಂಕಿನ ಮೇಲೆ, ಕರಿಬಂಡೆಗೂ ಭೂಶಿರಕ್ಕೂ ನಡುವೆ ಒಂದು ಕೈಯಗಲ, ಎಂಟು ಮಾತಿನಲ್ಲಿ ಮುಗಿದುಹೋಯಿತು, ವೈರ್‌ಲೆಸ್‌ನಲ್ಲಿ ಬರೀ ಗೊರಗೊರ ಸದ್ದು, ಧಕ್ಕೆಯ ಎಲ್ಲ ಬಾಯಿಬಡುಕರೂ ಕೇಳುತ್ತಿದ್ದಾರೆ, ಒಬ್ಬನಾದರೂ ನಗಬಾರದೇ, ಆಮೇಲೆ ಯಾದಿರಾಳ ದನಿ, ಬರ್ತಾ ಇದೀನಿ ಮಿಸ್ ಆರ್ಡಿತ್, ನೆರಳಲ್ಲಿಡಿ, ಐದು ನಿಮಿಷಕ್ಕೊಂದ್ಸಲ ನೀರು ಬದಲಾಯಿಸಿ, ಎಷ್ಟು ಸಿಕ್ತು. ಒಂದು. ಹುಡುಗಿ ಏನಾದರೂ ಅನ್ನಲಿ ಎಂದು ಕಾದಳು, ಹಸುವಿನ ಮಾತು ತೆಗೆಯಲಿ, ಹುರುಪೆಯ ಮಾತು ತೆಗೆಯಲಿ, ಒಂದೇ ತುಂಡಾದ್ರೂ ಬದುಕುತ್ತೆ ಕೆಲವು ಸಲ, ಜೋಪಾನ, ಎಂದಳು ಯಾದಿರಾ. ಎಂಟು ಜನ ಒದ್ದೆ ಮೈಯಲ್ಲಿ ಸುತ್ತ ಕೂತಿದ್ದಾರೆ, ಹಡಗು ಮೂರೂವರೆಗೆ ಹೊರಡುತ್ತದೆ ಎಂದು ಯಾರೂ ನೆನಪಿಸುತ್ತಿಲ್ಲ, ನೀಲಿ ಟೋಪಿಯವನು ಕ್ಯಾಮೆರಾ ಕೆಳಗಿಟ್ಟಿದ್ದಾನೆ, ಡಾರ್ಲಾ ತನ್ನ ಟವೆಲನ್ನು ಪೆಟ್ಟಿಗೆಯ ಮೇಲೆ ಬಿಸಿಲಿಗೆ ಅಡ್ಡ ಹಿಡಿದು ಮೆಲ್ಲಗೆ ಕೇಳುತ್ತಾಳೆ, ಅದೆಲ್ಲ, ಕೆಳಗಿರೋ ಅಷ್ಟೂ, ಸತ್ತೋಗಿದ್ಯಾ, ಚೆನ್ನಾಗಿದೆ ಅಂದ್ನಲ್ಲ ನಾನು, ಆರ್ಡಿತ್ ನೀರು ಬದಲಾಯಿಸಿದಳು, ಬಗ್ಗಿ ನೋಡಿದಳು, ತುಂಡು ತಳದಲ್ಲಿ ಹೊರಳಿ ನಿಂತಿತು, ಜೇನಿನ ಬಣ್ಣ, ಸರಿ, ಜೀವ ಇದೆ, ಇನ್ನೊಂದು ಅಲೆಗೆ ಹೊರಳಿತು, ಮುರಿದ ಕಡೆ ಮೇಲಾಯಿತು, ಮುರಿದ ಕಡೆ ಬಿಳಿ, ಅವಳು ಮುರಿದದ್ದು, ಅವಳ ಕೈಯೇ, ಇಷ್ಟು ಬಣ್ಣದ ಒಳಗೆ ಇಷ್ಟು ಬಿಳಿ ಇತ್ತೇ, ಯಾವಾಗಲೂ ಇತ್ತೇ, ಮತ್ತೆ ನೀರು ಬದಲಾಯಿಸಿದಳು, ಮತ್ತೆ ನೋಡಿದಳು, ಮುರಿದ ಕಡೆ ಬಿಳಿ, ಮುರಿದ ಕಡೆ ಮಾತ್ರ.